ಫಾಕ್‌ಲ್ಯಾಂಡ್‌ನ ಜುಟ್ಟು ಯಾರ ಕೈಯಲ್ಲಿ?

ತಿಂಗಳಿಗೆ ಒಂದೇ ಒಂದು ಸಲ ಅರ್ಜೆಂಟೀನಾದ ಕೊರ್ಡೊಬಾದಲ್ಲಿ ಇಳಿದು ಮುಂದೆ ಹೋಗುವ ಒಂದು ವಿಮಾನ. ಅದರ ಬಗ್ಗೆ ತೀರ್ಮಾನ ಮಾಡಲು ಎರಡು ದೇಶಗಳ ವಿದೇಶಾಂಗ ಸಚಿವರೇ ಕೂರಬೇಕಾಯಿತು. 2024ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಭೆಗೆಂದು ನ್ಯೂಯಾರ್ಕಿಗೆ ಹೋಗಿದ್ದ ಬ್ರಿಟನ್‌ನ ಡೇವಿಡ್ ಲ್ಯಾಮಿ ಮತ್ತು ಅರ್ಜೆಂಟೀನಾದ ಡಯಾನಾ ಮೊಂಡಿನೊ ಒಂದು ಒಪ್ಪಂದಕ್ಕೆ ಬಂದರು. ಬ್ರೆಜಿಲ್‌ನ ಸಾವೊ ಪಾಲೊದಿಂದ, ಬ್ರಿಟನ್ ಆಳುವ ಮತ್ತು ಅರ್ಜೆಂಟೀನಾ ತನ್ನದು ಎನ್ನುವ ಫಾಕ್‌ಲ್ಯಾಂಡ್ ದ್ವೀಪಗಳಿಗೆ ಹೋಗುತ್ತಿದ್ದು, ಕೋವಿಡ್ ಕಾಲದಲ್ಲಿ ನಿಂತಿದ್ದ ವಿಮಾನವನ್ನು ಮತ್ತೆ ಹಾರಿಸುವುದು. ತಿಂಗಳಿಗೊಮ್ಮೆ ಅದು ಕೊರ್ಡೊಬಾದಲ್ಲಿ ನಿಲ್ಲುವುದು. ಅದೇ ವಾರ ಬ್ಯೂನಸ್ ಐರಿಸ್‌ನಲ್ಲಿ ವಿರೋಧ ಪಕ್ಷದವರು ‘ದೇಶವನ್ನೇ ಮಾರಿಬಿಟ್ಟರು’ ಎಂಬ ಧಾಟಿಯಲ್ಲಿ ಕೂಗಾಡಿದರು.

ಒಂದು ವಿಮಾನಕ್ಕೆ ಇಷ್ಟೆಲ್ಲ ಗಲಾಟೆಯಾ ಅನ್ನಿಸಬಹುದು. ಆದರೆ ಈ ದ್ವೀಪಗಳ ಕಳೆದ ಅರವತ್ತು ವರ್ಷದ ರಾಜಕೀಯವನ್ನು ಸುಮ್ನೆ ಒಮ್ಮೆ ತಿರುವಿ ಹಾಕಿದರೆ, ಅದು ಹೆಚ್ಚುಕಡಿಮೆ ದಾರಿಗಳ ರಾಜಕೀಯವೇ. ಯಾರ ವಿಮಾನ, ಎಲ್ಲಿ ಇಳಿಯುತ್ತದೆ, ಯಾವ ಪಾಸ್‌ಪೋರ್ಟ್ ತೋರಿಸಬೇಕು, ಹಡಗಿನ ಮೇಲೆ ಯಾವ ಬಾವುಟ. ಯಾರ ಜೊತೆ ಇರಬೇಕು ಅಂತ ನಾವೇ ತೀರ್ಮಾನಿಸುತ್ತೇವೆ ಎನ್ನುವ ಸ್ವಯಂನಿರ್ಣಯದ ಹಕ್ಕು ಕಾಗದದ ಮೇಲೆ ಎಷ್ಟೇ ಚೆನ್ನಾಗಿ ಕಂಡರೂ, ಆಸ್ಪತ್ರೆಗೆ ಹೋಗುವ ದಾರಿ ಎದುರು ಪಕ್ಷದವರ ಕೈಯಲ್ಲಿದ್ದರೆ ಆ ಹಕ್ಕನ್ನು ಇಟ್ಟುಕೊಂಡು ಏನು ಮಾಡುವುದು? ಫಾಕ್‌ಲ್ಯಾಂಡ್‌ನವರಿಗೆ ಈ ಪಾಠವನ್ನು ಪುಸ್ತಕ ಓದಿ ಕಲಿಯಬೇಕಾದ ಅಗತ್ಯ ಬರಲಿಲ್ಲ.

ಮೊದಲು ಜಾಗ ನೋಡೋಣ. ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ, ಅರ್ಜೆಂಟೀನಾದ ಕರಾವಳಿಯಿಂದ ಸುಮಾರು 480 ಕಿಲೋಮೀಟರ್ ದೂರದಲ್ಲಿ ಎರಡು ದೊಡ್ಡ ದ್ವೀಪಗಳು, ನೂರಾರು ಚಿಕ್ಕವು. ಬ್ರಿಟನ್‌ನಿಂದ ಸುಮಾರು 13,000 ಕಿಲೋಮೀಟರ್. 2021ರ ಜನಗಣತಿಯ ಪ್ರಕಾರ ಜನ ಸುಮಾರು 3,600. ಒಂದು ಹೋಬಳಿಯ ದೊಡ್ಡ ಊರಿನಷ್ಟೂ ಇಲ್ಲ. ಅರ್ಜೆಂಟೀನಾ ಇವನ್ನು ಮಾಲ್ವಿನಾಸ್ ಎಂದು ಕರೆದು ತನ್ನದೇ ಎನ್ನುತ್ತದೆ. 1833ರ ಜನವರಿಯಲ್ಲಿ ಬ್ರಿಟಿಷ್ ಯುದ್ಧನೌಕೆ ಬಂದು ತನ್ನವರನ್ನು ಓಡಿಸಿ ಜಾಗ ಕಸಿದುಕೊಂಡಿತು ಎಂಬುದು ಅದರ ವಾದ. ಬ್ರಿಟನ್ ಅದಕ್ಕೂ ಹಿಂದಿನ, 1760ರ ದಶಕದ ತನ್ನ ನೆಲೆಯನ್ನು ತೋರಿಸುತ್ತದೆ. ನಡುವೆ ಫ್ರೆಂಚರು, ಸ್ಪ್ಯಾನಿಷರು ಎಲ್ಲ ಬಂದುಹೋಗಿದ್ದಾರೆ. ಆ ಇನ್ನೂರು ವರ್ಷದ ದಾವೆಗೆ ನಾನು ಇಲ್ಲಿ ಕೈಹಾಕುವುದಿಲ್ಲ. ಎರಡೂ ಕಡೆಯವರ ಬಳಿ ಕಪಾಟುಗಟ್ಟಲೆ ದಾಖಲೆಗಳಿವೆ. ಅದನ್ನು ಓದಿ ಮನಸ್ಸು ಬದಲಿಸಿಕೊಂಡವರು ಮಾತ್ರ ಕಡಿಮೆ.

ದಾರಿಯ ಕಥೆ 1966ರಿಂದ ಹಿಡಿದರೆ ಸರಿಯಾಗುತ್ತದೆ. ಆ ವರ್ಷದ ಸೆಪ್ಟೆಂಬರ್ 28ರಂದು ಬ್ಯೂನಸ್ ಐರಿಸ್‌ನಿಂದ ರಿಯೊ ಗಯೆಗೋಸ್‌ಗೆ ಹೊರಟಿದ್ದ ಡಿಸಿ-4 ವಿಮಾನವನ್ನು 18 ಮಂದಿ ಅರ್ಜೆಂಟೀನಾದ ಯುವಕರು ಅಪಹರಿಸಿದರು. ಅವರಲ್ಲಿ ಒಬ್ಬಳು ಯುವತಿ. ಪೈಲಟ್‌ಗೆ ಪಿಸ್ತೂಲು ತೋರಿಸಿ ಫಾಕ್‌ಲ್ಯಾಂಡ್ ಕಡೆ ತಿರುಗಿಸು ಎಂದರು. ತಮಾಷೆ ಏನೆಂದರೆ, ರಾಜಧಾನಿ ಸ್ಟ್ಯಾನ್ಲಿಯಲ್ಲಿ ಆಗ ವಿಮಾನ ನಿಲ್ದಾಣವೇ ಇರಲಿಲ್ಲ. ಪೈಲಟ್ ಬೇರೆ ದಾರಿ ಕಾಣದೆ ಆ ದೊಡ್ಡ ವಿಮಾನವನ್ನು ಊರಾಚೆಯ ಕುದುರೆ ರೇಸ್ ಮೈದಾನದಲ್ಲಿ ಇಳಿಸಿದ. ಚಕ್ರಗಳು ಮೆತ್ತನೆಯ ನೆಲದಲ್ಲಿ ಹೂತವು. ಏನೋ ತೊಂದರೆಯಾಗಿ ಇಳಿದಿರಬೇಕು ಎಂದುಕೊಂಡು ಸಹಾಯಕ್ಕೆ ಓಡಿಬಂದ ಊರಿನವರನ್ನು ಒತ್ತೆ ಹಿಡಿಯಲಾಯಿತು. ಯುವಕರು ಏಳು ಬಾವುಟ ನೆಟ್ಟರು. ಚಳಿಯಲ್ಲಿ ಒಂದೂವರೆ ದಿನ ಕಳೆದ ಮೇಲೆ ಕ್ಯಾಥೊಲಿಕ್ ಪಾದ್ರಿಯೊಬ್ಬರ ಮಧ್ಯಸ್ಥಿಕೆಯಲ್ಲಿ ಶರಣಾದರು. ಬ್ರಿಟಿಷ್ ಅಧಿಕಾರಿಗೆ ಶರಣಾದರೆ ಬ್ರಿಟಿಷ್ ಆಡಳಿತವನ್ನು ಒಪ್ಪಿದಂತೆ ಆಗುತ್ತದಲ್ಲ, ಅದಕ್ಕೆ.

ದ್ವೀಪದವರು ಆಗ ಹೊರಗೆ ಹೋಗುತ್ತಿದ್ದದ್ದು ‘ಡಾರ್ವಿನ್’ ಎಂಬ ಹಡಗಿನಲ್ಲಿ. ಅದು ತಿಂಗಳಿಗೊಮ್ಮೆ ಉರುಗ್ವೆಯ ಮೊಂಟೆವಿಡಿಯೊಗೆ ಹೋಗಿ ಬರುತ್ತಿತ್ತು. ನಷ್ಟದಲ್ಲಿತ್ತು. ಹಡಗು ನಿಲ್ಲಿಸಬೇಕು ಎಂದಾಗ ಲಂಡನ್‌ಗೆ ಹೊಳೆದ ಉಪಾಯವೇ 1971ರ ಸಂಪರ್ಕ ಒಪ್ಪಂದ. ಅರ್ಜೆಂಟೀನಾ ವಿಮಾನ ಓಡಿಸುವುದು, ಬ್ರಿಟನ್ ಹಡಗು ಓಡಿಸುವುದು. ಅರ್ಜೆಂಟೀನಾ ತನ್ನ ಪಾಲಿನ ಮಾತು ಉಳಿಸಿಕೊಂಡಿತು. ಬ್ರಿಟನ್‌ನ ಹಡಗು ಬರಲೇ ಇಲ್ಲ.

ನನ್ನ ಲೆಕ್ಕದಲ್ಲಿ ಇಡೀ ವಿವಾದದಲ್ಲಿ ಹೆಚ್ಚು ಗಮನಿಸಬೇಕಾದ ಕಾಲ ಈ 1971ರಿಂದ 1982ರ ನಡುವಿನದು. ಯುದ್ಧದ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅದರ ಹಿಂದಿನ ಹತ್ತು ವರ್ಷವನ್ನು ನೋಡುವವರು ಕಡಿಮೆ. ಮೊದಲು ನೀರಿನ ಮೇಲೆ ಇಳಿಯುವ ಚಿಕ್ಕ ವಿಮಾನಗಳು ಬಂದವು. 1972ರಲ್ಲಿ ಅರ್ಜೆಂಟೀನಾದವರೇ ಬಂದು ಸ್ಟ್ಯಾನ್ಲಿಯ ಹತ್ತಿರ ಲೋಹದ ತಟ್ಟೆಗಳನ್ನು ಜೋಡಿಸಿ ತಾತ್ಕಾಲಿಕ ರನ್‌ವೇ ಹಾಸಿದರು. ಕೊಮೊಡೊರೊ ರಿವಡಾವಿಯಾದಿಂದ ಫೋಕರ್ ವಿಮಾನ ಹಾರಲು ಶುರುವಾಯಿತು. ಓಡಿಸುತ್ತಿದ್ದದ್ದು ಲಾಡೆ. ಹೆಸರಿಗೆ ವಿಮಾನ ಸಂಸ್ಥೆ, ನಡೆಸುವುದು ಅರ್ಜೆಂಟೀನಾದ ವಾಯುಪಡೆ. ಸ್ಟ್ಯಾನ್ಲಿಯಲ್ಲಿ ಅದರ ಕಚೇರಿ ತೆರೆಯಿತು, ಅಲ್ಲಿ ಕೂತವರು ವಾಯುಪಡೆಯ ಅಧಿಕಾರಿಗಳು. ಆಮೇಲೆ ಇಂಧನವೂ ಅರ್ಜೆಂಟೀನಾದ ಸರ್ಕಾರಿ ತೈಲ ಕಂಪನಿಯಿಂದ. ಮಕ್ಕಳಿಗೆ ಅರ್ಜೆಂಟೀನಾದ ಶಾಲೆಗಳಲ್ಲಿ ವಿದ್ಯಾರ್ಥಿವೇತನ. ಸ್ಪ್ಯಾನಿಷ್ ಕಲಿಸಲು ಅಲ್ಲಿಂದಲೇ ಟೀಚರ್‌ಗಳು.

ಇದರಲ್ಲಿ ತಪ್ಪೇನು? ರೋಗಿಗಳು ಬೇಗ ಆಸ್ಪತ್ರೆ ಸೇರುತ್ತಿದ್ದರು, ಟಪಾಲು ಬೇಗ ಬರುತ್ತಿತ್ತು. ಹಲವರಿಗೆ ಅರ್ಜೆಂಟೀನಾದಲ್ಲಿ ಸ್ನೇಹಿತರಾದರು, ಕೆಲವರಿಗೆ ಮದುವೆಯೂ ಆಯಿತು. ಚುಚ್ಚಿದ್ದು ಬಿಳಿ ಕಾರ್ಡ್. ಈ ವಿಮಾನ ಹತ್ತಬೇಕಾದರೆ ದ್ವೀಪದವರು ಅರ್ಜೆಂಟೀನಾ ಸರ್ಕಾರ ಕೊಡುವ ಒಂದು ಬಿಳಿ ಕಾರ್ಡ್ ಇಟ್ಟುಕೊಳ್ಳಬೇಕಿತ್ತು. ಬ್ರಿಟಿಷ್ ಪಾಸ್‌ಪೋರ್ಟ್ ತೋರಿಸಿದರೆ ಆಗುವುದಿಲ್ಲ. ಅರ್ಜೆಂಟೀನಾಕ್ಕೆ ಇವರು ಬೇರೆ ದೇಶದವರಲ್ಲ, ತನ್ನದೇ ನೆಲದಲ್ಲಿ ಹುಟ್ಟಿದವರು. ಬ್ರಿಟನ್‌ಗೋ, ಇದು ಬರೀ ಪ್ರಯಾಣದ ಕಾಗದ, ಅದಕ್ಕೆ ಬೇರೆ ಅರ್ಥ ಹಚ್ಚಬೇಡಿ ಎಂಬ ನಿಲುವು. ಕಾರ್ಡ್ ಜೇಬಿನಲ್ಲಿಟ್ಟುಕೊಂಡವರಿಗೆ ಮಾತ್ರ ಅದರ ಅರ್ಥ ಚೆನ್ನಾಗಿಯೇ ಗೊತ್ತಿತ್ತು. ವೈದ್ಯರ ಹತ್ತಿರ ಹೋಗಬೇಕು ಎಂದರೆ ಮೊದಲು ತಾನು ಯಾರು ಎಂಬುದನ್ನು ಎದುರು ಪಕ್ಷದವರ ಕೈಯಲ್ಲಿ ಬರೆಸಿಕೊಂಡು ಬರಬೇಕು. ಜುಟ್ಟು ಅವರ ಕೈಗೆ ಹೋಯಿತು.

ಲಂಡನ್‌ಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಮೆಲ್ಲಮೆಲ್ಲಗೆ ಹತ್ತಿರವಾದರೆ ಒಂದು ದಿನ ದ್ವೀಪದವರೇ ಒಪ್ಪುತ್ತಾರೆ, ತನ್ನ ತಲೆಬೇನೆ ತಪ್ಪುತ್ತದೆ ಎಂಬ ಆಸೆ ಅಲ್ಲಿನ ಅಧಿಕಾರಿಗಳಿಗಿತ್ತು. 1976ರಲ್ಲಿ ಲಾರ್ಡ್ ಶ್ಯಾಕಲ್ಟನ್ ನೇತೃತ್ವದ ಸಮಿತಿ ರನ್‌ವೇಯನ್ನು ಉದ್ದ ಮಾಡಿ, ದೂರದ ವಿಮಾನಗಳು ಇಳಿಯುವಂತಾಗಲಿ ಎಂದು ಹೇಳಿತು. ಖರ್ಚು ಜಾಸ್ತಿ ಎಂದು ಸರ್ಕಾರ ಪಕ್ಕಕ್ಕಿಟ್ಟಿತು. 1979ರಲ್ಲಿ ತೆರೆದ ಸ್ಟ್ಯಾನ್ಲಿಯ ಪಕ್ಕಾ ನಿಲ್ದಾಣದ ರನ್‌ವೇ ಸುಮಾರು 1,250 ಮೀಟರ್. ಅರ್ಜೆಂಟೀನಾದಿಂದ ಬರುವ ವಿಮಾನಕ್ಕೆ ಸಾಕು, ಬೇರೆ ಎಲ್ಲಿಂದಲೂ ಬರಲು ಸಾಲದು. ಮುಂದೆ 1982ರ ಮೇ 1ರಂದು ಬ್ರಿಟನ್ ಇದೇ ರನ್‌ವೇ ಮೇಲೆ ಬಾಂಬ್ ಹಾಕಲು ಅಸೆನ್ಷನ್ ದ್ವೀಪದಿಂದ ಸುಮಾರು 6,300 ಕಿಲೋಮೀಟರ್ ದೂರ ಒಂದು ವಲ್ಕನ್ ಬಾಂಬರ್ ಕಳಿಸಿತು. ಅದಕ್ಕೆ ದಾರಿಯಲ್ಲಿ ಇಂಧನ ತುಂಬಲು ಟ್ಯಾಂಕರ್ ವಿಮಾನಗಳ ಒಂದು ಹಿಂಡೇ ಬೇಕಾಯಿತು. ಉದ್ದ ಮಾಡಲು ದುಡ್ಡಿಲ್ಲದ ರನ್‌ವೇಯನ್ನು ಒಡೆಯಲು ಮಾತ್ರ ದುಡ್ಡು ಸಿಕ್ಕಿತು.

1980ರ ಕೊನೆಗೆ ನಿಕೊಲಸ್ ರಿಡ್ಲಿ ಎಂಬ ಸಚಿವರು ಸ್ಟ್ಯಾನ್ಲಿಗೆ ಬಂದು, ಒಡೆತನವನ್ನು ಅರ್ಜೆಂಟೀನಾಕ್ಕೆ ಕೊಟ್ಟು ನಾವೇ ಗುತ್ತಿಗೆಗೆ ತೆಗೆದುಕೊಂಡು ಆಳೋಣ ಎಂಬ ಸಲಹೆ ಇಟ್ಟರು. ದ್ವೀಪದವರು ಒಪ್ಪಲಿಲ್ಲ. ಡಿಸೆಂಬರ್ 2ರಂದು ಲಂಡನ್ ಸಂಸತ್ತಿನಲ್ಲೂ ಎರಡೂ ಪಕ್ಷದವರು ಸೇರಿ ಅವರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಹತ್ತು ವರ್ಷದ ವಿಮಾನ ಸಂಪರ್ಕ ಮನಸ್ಸನ್ನು ಗೆದ್ದಿರಲಿಲ್ಲ. 1982ರ ಏಪ್ರಿಲ್ 2ರಂದು ಅರ್ಜೆಂಟೀನಾದ ಸೇನೆ ಇಳಿಯಿತು. 74 ದಿನದ ಯುದ್ಧದ ಕೊನೆಗೆ ಬ್ರಿಟನ್ ದ್ವೀಪಗಳನ್ನು ಮರಳಿ ಪಡೆಯಿತು. ಅರ್ಜೆಂಟೀನಾದ 649, ಬ್ರಿಟನ್‌ನ 255 ಮಂದಿ ಸತ್ತರು. ಮೂವರು ದ್ವೀಪವಾಸಿಗಳೂ ಸತ್ತರು.

ರನ್‌ವೇ ಬಂದ ಮೇಲೆ

ಯುದ್ಧದ ನಂತರ ಬದಲಾದದ್ದು ಎರಡು. ಒಂದು, 1985ರ ಮೇ ತಿಂಗಳಲ್ಲಿ ತೆರೆದ ಮೌಂಟ್ ಪ್ಲೆಸೆಂಟ್ ವಿಮಾನ ನಿಲ್ದಾಣ. ರನ್‌ವೇ ಸುಮಾರು 2,590 ಮೀಟರ್. ದೊಡ್ಡ ಜೆಟ್‌ಗಳು ಸಲೀಸಾಗಿ ಇಳಿಯುತ್ತವೆ. ಎರಡು, ಮೀನು. 1987ರಿಂದ ಸುತ್ತಲಿನ ಸಮುದ್ರದಲ್ಲಿ ಮೀನು ಹಿಡಿಯುವ ಹಡಗುಗಳಿಗೆ ಲೈಸೆನ್ಸ್ ಮಾರಲು ಶುರು ಮಾಡಿದರು. ಬೊಂಡಾಸ್ ಅಂತ ನಮ್ಮ ಕರಾವಳಿಯಲ್ಲಿ ಹೇಳುವ ಸ್ಕ್ವಿಡ್ ಅಲ್ಲಿ ರಾಶಿ ರಾಶಿ. ಅದುವರೆಗೆ ಕುರಿ ಉಣ್ಣೆ ನಂಬಿ ಬದುಕುತ್ತಿದ್ದ ಊರು ನೋಡನೋಡುತ್ತ ಶ್ರೀಮಂತವಾಯಿತು. ಇವತ್ತು ರಕ್ಷಣೆ ಮತ್ತು ವಿದೇಶಾಂಗ ಬಿಟ್ಟರೆ ಉಳಿದ ಖರ್ಚನ್ನೆಲ್ಲ ದ್ವೀಪ ಸರ್ಕಾರವೇ ನೋಡಿಕೊಳ್ಳುತ್ತದೆ. 16 ದಾಟಿದ ಮಕ್ಕಳನ್ನು ಇಂಗ್ಲೆಂಡಿಗೆ ಕಳಿಸಿ ಓದಿಸುತ್ತದೆ. ಸ್ಟ್ಯಾನ್ಲಿಯ ಆಸ್ಪತ್ರೆಯಲ್ಲಿ ಆಗದ ಚಿಕಿತ್ಸೆಗೆ ರೋಗಿಗಳನ್ನು ಹೊರದೇಶಕ್ಕೆ ಕಳಿಸುತ್ತದೆ.

2013ರ ಮಾರ್ಚ್‌ನಲ್ಲಿ ಜನಮತಗಣನೆ ನಡೆಯಿತು. ಬ್ರಿಟನ್‌ನ ಸಾಗರೋತ್ತರ ಪ್ರದೇಶವಾಗಿಯೇ ಇರಬೇಕೇ ಎಂಬ ಪ್ರಶ್ನೆ. ಹೌದು ಎಂದವರು 1,513, ಬೇಡ ಎಂದವರು 3. ನೂರಕ್ಕೆ 92 ಮಂದಿ ಮತ ಹಾಕಿದ್ದರು. ಆ ಮೂವರು ಯಾರಿರಬಹುದು ಎಂದು ಊರಲ್ಲಿ ಬಹಳ ದಿನ ಚರ್ಚೆ ನಡೆದಿರಬೇಕು, ಎಲ್ಲರಿಗೂ ಎಲ್ಲರೂ ಗೊತ್ತಿರುವ ಜಾಗ ಅದು. ನನ್ನ ಮಾತು ಇಷ್ಟೇ: ಈ ಮತದ ಹಿಂದೆ ಬ್ರಿಟನ್ ಪ್ರೀತಿ ಇದ್ದದ್ದು ನಿಜ, ಯುದ್ಧದ ನೋವು ಇದ್ದದ್ದೂ ನಿಜ. ಆದರೆ ಮತ ಹಾಕಿ ಬಂದ ಮಾರನೇ ದಿನ ಆಸ್ಪತ್ರೆಗೆ ಹೋಗಲು ಯಾರ ಕಾರ್ಡೂ ಬೇಕಿಲ್ಲ ಎಂಬ ಧೈರ್ಯವೂ ಅದರ ಹಿಂದಿತ್ತು. ಆ ಧೈರ್ಯ ಬಂದದ್ದು ಮೌಂಟ್ ಪ್ಲೆಸೆಂಟ್‌ನಿಂದ. ಮತಪೆಟ್ಟಿಗೆಗಿಂತ 28 ವರ್ಷ ಮೊದಲು ರನ್‌ವೇ ಬಂದಿತ್ತು.

ಹಾಗಾದರೆ ಜುಟ್ಟು ಬಿಡಿಸಿಕೊಂಡರಾ? ಅರ್ಧ ಮಾತ್ರ. ಮೌಂಟ್ ಪ್ಲೆಸೆಂಟ್ ಸೇನಾ ನೆಲೆ. ದ್ವೀಪಗಳ ಏಕೈಕ ಅಂತಾರಾಷ್ಟ್ರೀಯ ನಿಲ್ದಾಣದ ಬೀಗದ ಕೈ ಬ್ರಿಟನ್‌ನ ವಾಯುಪಡೆಯ ಹತ್ತಿರ ಇದೆ. ಇಂಗ್ಲೆಂಡಿನ ಬ್ರೈಜ್ ನಾರ್ಟನ್ ನೆಲೆಯಿಂದ ವಾರಕ್ಕೆ ಎರಡು ಸಲ ಬರುವುದೂ ಸೇನೆಯ ವಿಮಾನವೇ, ಅದರಲ್ಲಿ ನಾಗರಿಕರಿಗೆ ಕೆಲವು ಸೀಟು. ಬಹಳ ಕಾಲ ಅದು ನಡುವೆ ಅಸೆನ್ಷನ್‌ನಲ್ಲಿ ಇಳಿಯುತ್ತಿತ್ತು. 2017ರಲ್ಲಿ ಅಲ್ಲಿನ ರನ್‌ವೇ ಹಾಳಾದಾಗ ಪಶ್ಚಿಮ ಆಫ್ರಿಕಾದ ಕಡೆ ಬೇರೆ ಜಾಗ ಹುಡುಕಬೇಕಾಯಿತು. ಉಳಿದದ್ದು ಶನಿವಾರದ ವಿಮಾನ. ಚಿಲಿಯ ಪುಂಟಾ ಅರೆನಾಸ್‌ನಿಂದ ಲಾಟಾಮ್ ಕಂಪನಿಯದು ವಾರಕ್ಕೊಂದು.

ಈ ಶನಿವಾರದ ವಿಮಾನ ಎಷ್ಟು ಜನರ ಮರ್ಜಿಯಲ್ಲಿದೆ ನೋಡಿ. ಚಿಲಿಯಿಂದ ಹೊರಟ ವಿಮಾನ ದ್ವೀಪ ಮುಟ್ಟುವ ಮೊದಲು ಅರ್ಜೆಂಟೀನಾದ ಆಕಾಶ ದಾಟಬೇಕು. ನಕಾಶೆಯೇ ಹಾಗಿದೆ, ಯಾರೂ ಏನೂ ಮಾಡುವಂತಿಲ್ಲ. ಜೊತೆಗೆ ಅಲ್ಲಿನ ಗಾಳಿ ಕೆಟ್ಟದ್ದು. ಬೆಟ್ಟಗಳ ಕಡೆಯಿಂದ ಸುಳಿಗಾಳಿ ಬೀಸಿದರೆ ಇಳಿಯಲು ಆಗುವುದಿಲ್ಲ. ಯಾವುದೇ ವಿಮಾನ ಹೊರಡುವಾಗ ಇಲ್ಲಿ ಇಳಿಯಲು ಆಗದಿದ್ದರೆ ಇನ್ನೆಲ್ಲಿ ಎಂದು ಒಂದು ಬದಲಿ ನಿಲ್ದಾಣ ಗೊತ್ತು ಮಾಡಿಕೊಂಡು, ಅಲ್ಲಿಯವರೆಗೆ ಸಾಕಾಗುವ ಇಂಧನ ತುಂಬಿಕೊಂಡು ಹೊರಡಬೇಕು. ಫಾಕ್‌ಲ್ಯಾಂಡ್‌ನಲ್ಲಿ ದೊಡ್ಡ ಜೆಟ್‌ಗೆ ಎರಡನೇ ನಿಲ್ದಾಣ ಇಲ್ಲ. ಬದಲಿ ನಿಲ್ದಾಣ ಅಂದರೆ ಎದುರಿನ ಖಂಡವೇ. ಹಾಗಾಗಿ ಇಂಧನದ ಭಾರ ಜಾಸ್ತಿ, ಜನ ಮತ್ತು ಸಾಮಾನಿಗೆ ಜಾಗ ಕಡಿಮೆ, ಟಿಕೆಟ್ ದುಬಾರಿ.

ಈ ಮರ್ಜಿ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ 1999 ಒಳ್ಳೆಯ ಉದಾಹರಣೆ. ಚಿಲಿಯ ಮಾಜಿ ಸರ್ವಾಧಿಕಾರಿ ಪಿನೊಚೆ ಚಿಕಿತ್ಸೆಗೆಂದು ಲಂಡನ್‌ಗೆ ಹೋಗಿದ್ದಾಗ, 1998ರ ಅಕ್ಟೋಬರ್‌ನಲ್ಲಿ, ಅಲ್ಲಿನ ಪೊಲೀಸರು ಬಂಧಿಸಿದರು. ಸ್ಪೇನ್‌ನ ನ್ಯಾಯಾಧೀಶರೊಬ್ಬರ ವಾರಂಟ್ ಮೇಲೆ. ಚಿಲಿ ಸರ್ಕಾರಕ್ಕೆ ಸಿಟ್ಟು ಬಂತು. ಕೆಲವು ತಿಂಗಳಲ್ಲಿ ದ್ವೀಪಗಳ ವಿಮಾನ ನಿಂತಿತು. ಸ್ಪೇನ್, ಚಿಲಿ, ಬ್ರಿಟನ್ ನಡುವಿನ ಜಗಳದಲ್ಲಿ ಸ್ಟ್ಯಾನ್ಲಿಯವರಿಗೆ ಏನು ಪಾತ್ರ? ಏನೂ ಇಲ್ಲ. ಪೆಟ್ಟು ಮಾತ್ರ ಅವರಿಗೆ.

ಆಗ ಅರ್ಜೆಂಟೀನಾದ ವಿದೇಶಾಂಗ ಸಚಿವ ಗೀಡೊ ಡಿ ಟೆಲ್ಲಾ ಅವರಿಗೆ ಅವಕಾಶ ಸಿಕ್ಕಿತು. ಈ ಮನುಷ್ಯ ದ್ವೀಪದವರ ಮನಸ್ಸು ಗೆಲ್ಲಬೇಕು ಎಂದು ಮನೆಮನೆಗೆ ಕ್ರಿಸ್ಮಸ್ ಉಡುಗೊರೆ ಕಳಿಸುತ್ತಿದ್ದವರು. ಫೋನ್ ಮಾಡಿ ಮಾತಾಡಿಸುತ್ತಿದ್ದವರು. ಜುಲೈ 14ರಂದು ಒಪ್ಪಂದವಾಯಿತು. ಚಿಲಿಯ ವಿಮಾನ ಮತ್ತೆ ಹಾರುತ್ತದೆ, ಆದರೆ ತಿಂಗಳಿಗೊಮ್ಮೆ ಹೋಗುವಾಗ, ಒಮ್ಮೆ ಬರುವಾಗ ಅರ್ಜೆಂಟೀನಾದ ರಿಯೊ ಗಯೆಗೋಸ್‌ನಲ್ಲಿ ಇಳಿಯಬೇಕು. ಅರ್ಜೆಂಟೀನಾದವರು ತಮ್ಮ ಪಾಸ್‌ಪೋರ್ಟ್ ತೋರಿಸಿ ದ್ವೀಪಕ್ಕೆ ಬರಬಹುದು. ಸ್ಟ್ಯಾನ್ಲಿಯಲ್ಲಿ ಪ್ರತಿಭಟನೆ ನಡೆಯಿತು. ಆದರೆ ಸೂಕ್ಷ್ಮವಾಗಿ ನೋಡಿದರೆ ಸೋತವರು ಯಾರು? ಅರ್ಜೆಂಟೀನಾದವನೊಬ್ಬ ತನ್ನದೇ ನೆಲ ಎನ್ನುವ ಜಾಗಕ್ಕೆ ಪಾಸ್‌ಪೋರ್ಟ್ ತೋರಿಸಿ, ಸ್ಟ್ಯಾಂಪ್ ಹಾಕಿಸಿಕೊಂಡು ಒಳಗೆ ಬರುವಂತಾಯಿತು. ಬಿಳಿ ಕಾರ್ಡಿನ ಕಥೆ ತಲೆಕೆಳಗಾಯಿತು. ಇವತ್ತಿಗೂ ಅರ್ಜೆಂಟೀನಾದಲ್ಲಿ ಹಲವರಿಗೆ ಆ ಸ್ಟ್ಯಾಂಪ್ ಹೊಟ್ಟೆ ಉರಿಸುತ್ತದೆ. ಅದಕ್ಕೇ ಬರುವುದಿಲ್ಲ ಎನ್ನುವವರೂ ಇದ್ದಾರೆ.

ಇಂಥ ಒಪ್ಪಂದಗಳು ಸಾಧ್ಯವಾಗುವುದು 1989ರಲ್ಲಿ ಮಾಡಿಕೊಂಡ ಒಂದು ಜಾಣ ಸೂತ್ರದಿಂದ. ನಾವು ಇಲ್ಲಿ ಏನೇ ಮಾತಾಡಿದರೂ, ಏನೇ ಸಹಿ ಹಾಕಿದರೂ, ಒಡೆತನದ ಬಗ್ಗೆ ಇಬ್ಬರ ನಿಲುವೂ ಹಾಗೇ ಇರುತ್ತದೆ ಎಂದು ಮೊದಲೇ ಬರೆದಿಡುವುದು. ರಾಜತಾಂತ್ರಿಕರು ಇದನ್ನು ಕೊಡೆ ಎನ್ನುತ್ತಾರೆ.

ಮೂಗು ಹಿಡಿದರೆ ಬಾಯಿ ತೆರೆಯಲಿಲ್ಲ

2003ರಲ್ಲಿ ನೆಸ್ಟರ್ ಕಿರ್ಚ್ನರ್ ಅಧ್ಯಕ್ಷರಾದ ಮೇಲೆ ಉಡುಗೊರೆಯ ಕಾಲ ಮುಗಿಯಿತು. ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತದೆ ಎಂಬ ನೀತಿ ಬಂತು. ಚಿಲಿಯಿಂದ ಬರುವ ಚಾರ್ಟರ್ ವಿಮಾನಗಳಿಗೆ ಅರ್ಜೆಂಟೀನಾದ ಆಕಾಶ ಮುಚ್ಚಿತು. 2010ರಲ್ಲಿ ಹೊಸ ಆದೇಶ: ದ್ವೀಪಗಳಿಗೆ ಹೋಗುವ ಹಡಗುಗಳು ಅರ್ಜೆಂಟೀನಾದ ನೀರಿನಲ್ಲಿ ಸಾಗಬೇಕಾದರೆ ಅನುಮತಿ ಬೇಕು. 2011ರ ಡಿಸೆಂಬರ್‌ನಲ್ಲಿ ದಕ್ಷಿಣ ಅಮೆರಿಕದ ವ್ಯಾಪಾರ ಒಕ್ಕೂಟವಾದ ಮೆರ್ಕೊಸುರ್‌ನ ದೇಶಗಳು ಫಾಕ್‌ಲ್ಯಾಂಡ್ ಬಾವುಟದ ಹಡಗುಗಳನ್ನು ತಮ್ಮ ಬಂದರಿಗೆ ಬಿಡುವುದಿಲ್ಲ ಎಂದವು. 2012ರ ಫೆಬ್ರುವರಿಯಲ್ಲಿ ದ್ವೀಪಕ್ಕೆ ಹೋಗಿ ಬಂದ ಎರಡು ಪ್ರವಾಸಿ ಹಡಗುಗಳನ್ನು ಅರ್ಜೆಂಟೀನಾದ ಉಶುವಾಯಾ ಬಂದರಿನಿಂದ ವಾಪಸ್ ಕಳಿಸಿದರು. ಅದರಲ್ಲಿದ್ದವರು ಪೆಂಗ್ವಿನ್ ನೋಡಲು ಬಂದ ಪ್ರವಾಸಿಗರು. ಅವರಿಗೂ ಒಡೆತನಕ್ಕೂ ಏನು ಸಂಬಂಧವೋ.

ಕೆಲವೇ ದಿನಗಳಲ್ಲಿ, ಮಾರ್ಚ್ 1ರಂದು, ಅಧ್ಯಕ್ಷೆ ಕ್ರಿಸ್ಟಿನಾ ಕಿರ್ಚ್ನರ್ ಸಂಸತ್ತಿನಲ್ಲಿ ಹೊಸ ಮಾತು ಹೇಳಿದರು. ಚಿಲಿಯ ವಿಮಾನದ ಬದಲು ಅರ್ಜೆಂಟೀನಾದ ಸರ್ಕಾರಿ ವಿಮಾನ ಸಂಸ್ಥೆ ಬ್ಯೂನಸ್ ಐರಿಸ್‌ನಿಂದ ನೇರವಾಗಿ ವಾರಕ್ಕೆ ಮೂರು ಸಲ ಹಾರಲಿ. ಕೇಳಲು ಎಷ್ಟು ಚೆನ್ನಾಗಿದೆ! ವಾರಕ್ಕೆ ಒಂದಿದ್ದದ್ದು ಮೂರು, ದೊಡ್ಡ ನಗರಕ್ಕೆ ನೇರ ದಾರಿ. ದ್ವೀಪದವರು ಬೇಡ ಎಂದರು. ಹೊರಗಿನವರಿಗೆ ಇದು ಹಠ ಅನ್ನಿಸಬಹುದು. ಆದರೆ ಅವರು ಲೆಕ್ಕ ಹಾಕಿದ್ದು ಎಷ್ಟು ವಿಮಾನ ಎಂದಲ್ಲ. ನಾಳೆ ಜಗಳವಾದರೆ ನಿಲ್ಲಿಸುವವರು ಯಾರು ಎಂದು. ಲಾಡೆಯ ಹತ್ತು ವರ್ಷ ನೋಡಿದ ಅಜ್ಜ ಅಜ್ಜಿಯರು ಇನ್ನೂ ಮನೆಯಲ್ಲಿದ್ದರು.

ಮರು ವರ್ಷವೇ ಜನಮತಗಣನೆ ನಡೆದು ಆ 1,513 ಮತ ಬಂದವು. ಮೂಗು ಹಿಡಿದವರಿಗೆ ಸಿಕ್ಕ ಉತ್ತರ ಅದು. ಬೆಣ್ಣೆ ಹಚ್ಚಿದರೂ ಆಗಲಿಲ್ಲ, ಬಿಗಿ ಹಿಡಿದರೂ ಆಗಲಿಲ್ಲ.

ಮುಂದೆ 2016ರಲ್ಲಿ ಮಾರಿಸಿಯೊ ಮಾಕ್ರಿ ಸರ್ಕಾರ ಮತ್ತೆ ಸಡಿಲ ಬಿಟ್ಟಿತು. ಎರಡೂ ದೇಶಗಳ ನಡುವೆ ಫೊರಾದೊರಿ–ಡಂಕನ್ ಒಪ್ಪಂದವಾಗಿ, 2019ರ ನವೆಂಬರ್‌ನಲ್ಲಿ ಸಾವೊ ಪಾಲೊ ವಿಮಾನ ಶುರುವಾಯಿತು. ನಾಲ್ಕೇ ತಿಂಗಳಿಗೆ ಕೋವಿಡ್. ಪುಂಟಾ ಅರೆನಾಸ್ ವಿಮಾನವೂ ನಿಂತಿತು, ಮತ್ತೆ ಬಂದದ್ದು 2022ರ ಜುಲೈನಲ್ಲಿ. ಎರಡು ವರ್ಷಕ್ಕೂ ಹೆಚ್ಚು ಕಾಲ ದ್ವೀಪದವರಿಗೆ ಹೊರಗಿನ ದಾರಿ ಎಂದರೆ ಸೇನೆಯ ಆ ಒಂದೇ ವಿಮಾನ. ಅಷ್ಟರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಸರ್ಕಾರ ಬದಲಾಗಿತ್ತು. 2023ರ ಮಾರ್ಚ್‌ನಲ್ಲಿ ಜಿ-20 ಸಭೆಗೆ ನಮ್ಮ ದೆಹಲಿಗೆ ಬಂದಿದ್ದ ಅರ್ಜೆಂಟೀನಾದ ಸಚಿವ ಸಾಂಟಿಯಾಗೊ ಕಾಫಿಯೆರೊ, ಆ ಒಪ್ಪಂದ ಇನ್ನಿಲ್ಲ ಎಂದು ಬ್ರಿಟನ್‌ನ ಸಚಿವರಿಗೆ ಇಲ್ಲೇ ತಿಳಿಸಿದರು. ಒಂದೂವರೆ ವರ್ಷದಲ್ಲಿ ಮತ್ತೆ ಲ್ಯಾಮಿ–ಮೊಂಡಿನೊ ಒಪ್ಪಂದ. ಬ್ಯೂನಸ್ ಐರಿಸ್‌ನಲ್ಲಿ ಚುನಾವಣೆ ಆದಾಗಲೆಲ್ಲ ಸ್ಟ್ಯಾನ್ಲಿಯ ವಿಮಾನದ ವೇಳಾಪಟ್ಟಿ ಬದಲಾಗುತ್ತದೆ ಎಂದರೆ ಅತಿಶಯೋಕ್ತಿ ಏನಲ್ಲ.

ಆ ಒಪ್ಪಂದದಲ್ಲಿ ಗಲಾಟೆಗೆ ಸಿಗದೆ ಉಳಿದ ಒಂದು ಭಾಗವಿತ್ತು. ಸತ್ತ ಸೈನಿಕರ ಮನೆಯವರನ್ನು ದ್ವೀಪಕ್ಕೆ ಕರೆದೊಯ್ಯುವುದು. ಡಾರ್ವಿನ್ ಎಂಬ ಜಾಗದಲ್ಲಿ ಅರ್ಜೆಂಟೀನಾದ ಸೈನಿಕರ ಸ್ಮಶಾನವಿದೆ. ಬಿಳಿ ಶಿಲುಬೆಗಳ ಸಾಲು. ನೂರಕ್ಕೂ ಹೆಚ್ಚು ಸಮಾಧಿಗಳ ಮೇಲೆ ಹೆಸರಿರಲಿಲ್ಲ, ದೇವರಿಗೆ ಮಾತ್ರ ಗೊತ್ತಿರುವ ಅರ್ಜೆಂಟೀನಾದ ಸೈನಿಕ ಎಂದಷ್ಟೇ ಬರೆದಿತ್ತು. 2017ರಲ್ಲಿ ರೆಡ್‌ಕ್ರಾಸ್ ಸಂಸ್ಥೆ ಮೂಳೆಗಳ ಡಿಎನ್‌ಎ ಪರೀಕ್ಷಿಸಿ ಒಬ್ಬೊಬ್ಬರ ಹೆಸರು ಪತ್ತೆ ಮಾಡಿತು. 2018ರ ಮಾರ್ಚ್‌ನಲ್ಲಿ ತಾಯಂದಿರು, ಅಣ್ಣತಮ್ಮಂದಿರು ಬಂದು 36 ವರ್ಷದ ಮೇಲೆ ಮೊದಲ ಸಲ ಹೆಸರಿರುವ ಕಲ್ಲನ್ನು ಮುಟ್ಟಿದರು. 2024ರ ಡಿಸೆಂಬರ್‌ನಲ್ಲಿ ಇನ್ನೊಂದು ತಂಡ ಹೋಯಿತು. ತಿಂಗಳಿಗೊಮ್ಮೆಯ ಆ ನಿಲುಗಡೆ ಏಕೆ ಬೇಕು ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ಹಕ್ಕು ಯಾರದು?

ಈಗ ಕಾನೂನಿನ ಕಡೆ ಒಂದು ನೋಟ. 1960ರ ವಿಶ್ವಸಂಸ್ಥೆಯ ನಿರ್ಣಯವೊಂದು ಎಲ್ಲ ಜನರಿಗೂ ಸ್ವಯಂನಿರ್ಣಯದ ಹಕ್ಕಿದೆ ಎನ್ನುತ್ತದೆ. ಅದೇ ನಿರ್ಣಯ, ಒಂದು ದೇಶದ ನೆಲದ ಅಖಂಡತೆಯನ್ನು ಒಡೆಯಬಾರದು ಎಂದೂ ಹೇಳುತ್ತದೆ. ಬ್ರಿಟನ್ ಮೊದಲನೆಯದನ್ನು ಓದುತ್ತದೆ, ಅರ್ಜೆಂಟೀನಾ ಎರಡನೆಯದನ್ನು. 1965ರ ಫಾಕ್‌ಲ್ಯಾಂಡ್ ನಿರ್ಣಯ ಜನರ ಹಿತವನ್ನು ಗಮನದಲ್ಲಿಟ್ಟು ಎರಡೂ ದೇಶಗಳು ಮಾತಾಡಲಿ ಎಂದಿತು. ಜನರ ಇಚ್ಛೆ ಎನ್ನಲಿಲ್ಲ. ಅರ್ಜೆಂಟೀನಾದ ವಾದ ಇಲ್ಲಿ ನಿಲ್ಲುತ್ತದೆ. ದ್ವೀಪದಲ್ಲಿರುವವರು ಬ್ರಿಟನ್ ತಂದು ನೆಟ್ಟ ಜನ, ಅವರಿಗೆ ಹಿತ ಇರಬಹುದು, ತೀರ್ಮಾನಿಸುವ ಹಕ್ಕಿಲ್ಲ ಎಂದು. ಒಂಬತ್ತು ತಲೆಮಾರಿನಿಂದ ಅಲ್ಲೇ ಹುಟ್ಟಿ ಬೆಳೆದ ಕುಟುಂಬಗಳಿವೆ. ಅವರನ್ನು ನೆಟ್ಟವರು ಎಂದರೆ, ಯುರೋಪಿನ ವಲಸಿಗರಿಂದಲೇ ತುಂಬಿರುವ ಅರ್ಜೆಂಟೀನಾವನ್ನು ಏನೆನ್ನಬೇಕು? ಈ ವಾದ ನನಗೆ ಯಾವತ್ತೂ ಗಟ್ಟಿ ಅನ್ನಿಸಿಲ್ಲ.

ಹಾಗೆಂದು ಬ್ರಿಟನ್ ತತ್ವಕ್ಕೆ ನಿಂತಿದೆ ಎಂದುಕೊಂಡರೆ ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳನ್ನು ನೋಡಬೇಕು. ಅಮೆರಿಕದ ಸೇನಾ ನೆಲೆಗಾಗಿ ಅಲ್ಲಿನ ಜನರನ್ನು 1968ರಿಂದ 1973ರ ನಡುವೆ ಬ್ರಿಟನ್ ಪೂರ್ತಿ ಖಾಲಿ ಮಾಡಿಸಿತು. ಶುರು ಮಾಡಿದ್ದು ಹಡಗಿನಿಂದಲೇ. ಚಿಕಿತ್ಸೆಗೋ ನೆಂಟರ ಮನೆಗೋ ಮಾರಿಷಸ್‌ಗೆ ಹೋದವರಿಗೆ ವಾಪಸ್ ಹಡಗಿನಲ್ಲಿ ಜಾಗ ಕೊಡಲಿಲ್ಲ, ನಿಮ್ಮ ದ್ವೀಪ ಮುಚ್ಚಿದೆ ಎಂದರು. ಉಳಿದವರಿಗೆ ಬರುವ ಸಾಮಾನು ಕಡಿಮೆಯಾಯಿತು. ಕೊನೆಗೆ ಎಲ್ಲರನ್ನೂ ಹತ್ತಿಸಿ ಕಳಿಸಿದರು. ಅವರನ್ನು ಯಾರೂ ಮತ ಕೇಳಲಿಲ್ಲ. 2019ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ಬ್ರಿಟನ್ ಅಲ್ಲಿಂದ ಹೊರಡಬೇಕು ಎಂಬ ಅಭಿಪ್ರಾಯ ಕೊಟ್ಟಿತು, 2025ರ ಮೇ ತಿಂಗಳಲ್ಲಿ ಮಾರಿಷಸ್ ಜೊತೆ ಒಪ್ಪಂದಕ್ಕೆ ಸಹಿಯಾಯಿತು. ಆ ಸುದ್ದಿ ಕೇಳಿದ ಅರ್ಜೆಂಟೀನಾಕ್ಕೆ ಆಸೆ ಚಿಗುರಿದ್ದು ಸಹಜ. ಆದರೆ ಎರಡರ ನಡುವಿನ ವ್ಯತ್ಯಾಸ ದೊಡ್ಡದು. ಒಂದು ಕಡೆ ಜನರನ್ನು ಓಡಿಸಿ ನೆಲ ಇಟ್ಟುಕೊಂಡದ್ದು, ಇನ್ನೊಂದು ಕಡೆ ಜನ ಅಲ್ಲೇ ಇದ್ದಾರೆ, ಮಾತಾಡುತ್ತಿದ್ದಾರೆ.

2025ರ ಏಪ್ರಿಲ್ 2ರಂದು, ಯುದ್ಧ ಶುರುವಾದ ದಿನದ ಸ್ಮರಣೆಯಲ್ಲಿ, ಅಧ್ಯಕ್ಷ ಹಾವಿಯೆರ್ ಮಿಲೈ ಅರ್ಜೆಂಟೀನಾದ ಯಾವ ನಾಯಕರೂ ಹೇಳದ ಮಾತೊಂದನ್ನು ಹೇಳಿದರು. ದ್ವೀಪದವರು ಒಂದು ದಿನ ತಾವಾಗಿಯೇ, ಕಾಲಿನಿಂದ ಮತ ಹಾಕಿ ನಮ್ಮನ್ನು ಆರಿಸಿಕೊಳ್ಳುವಂತಾಗಲಿ, ನಾವು ಅಂಥ ಬಲಿಷ್ಠ ದೇಶವಾಗೋಣ ಎಂದು. ವಿರೋಧಿಗಳು ಮುಗಿಬಿದ್ದರು. ಮತ ಎಂದ ಮೇಲೆ ಹಕ್ಕನ್ನು ಒಪ್ಪಿದಂತಾಯಿತಲ್ಲ ಎಂದು. ಅವರ ದೃಷ್ಟಿಯಿಂದ ನೋಡಿದರೆ ಅವರ ಸಿಟ್ಟೂ ಸರಿಯೇ.

ಈ ಎಲ್ಲ ದೊಡ್ಡ ಮಾತುಗಳ ಕೆಳಗೆ ದಿನದ ಬದುಕು ಬೇರೆಯೇ ಇದೆ. ದ್ವೀಪಗಳ ಒಳಗೆ ಓಡಾಡಲು ಫಿಗಾಸ್ ಎಂಬ ಸರ್ಕಾರಿ ವಿಮಾನ ಸೇವೆ ಇದೆ. 1948ರಲ್ಲಿ ಒಬ್ಬ ರೋಗಿಯನ್ನು ಸ್ಟ್ಯಾನ್ಲಿಗೆ ತರಲು ಹಾರಿದ ಪುಟ್ಟ ವಿಮಾನದಿಂದ ಶುರುವಾದದ್ದು. ಈಗ ಕೆಂಪು ಬಣ್ಣದ ಹತ್ತು ಸೀಟಿನೊಳಗಿನ ಐಲ್ಯಾಂಡರ್ ವಿಮಾನಗಳು. ಹುಲ್ಲಿನ ಮೇಲೆ ಇಳಿಯುತ್ತವೆ. ನಿಗದಿತ ವೇಳಾಪಟ್ಟಿ ಇಲ್ಲ. ಯಾರು ಯಾರಿಗೆ ಎಲ್ಲಿಗೆ ಹೋಗಬೇಕು ಎಂದು ಕೇಳಿಕೊಂಡು ಮಾರನೇ ದಿನದ ದಾರಿ ಹಾಕುತ್ತಾರೆ. ಹಿಂದಿನ ಸಂಜೆ ರೇಡಿಯೊದಲ್ಲಿ ಪ್ರಯಾಣಿಕರ ಹೆಸರು ಸಮೇತ ಓದುತ್ತಾರೆ. ಹತ್ತುವ ಮುಂಚೆ ಬ್ಯಾಗ್ ಜೊತೆ ನಿಮ್ಮನ್ನೂ ತೂಗುತ್ತಾರೆ. ಯಾವುದೋ ದೂರದ ಕುರಿ ಫಾರ್ಮಿನಲ್ಲಿ ಇಳಿಯುವಾಗ, ಬೆಂಕಿ ಆರಿಸುವ ಸಾಮಾನು ಕಟ್ಟಿದ ಲ್ಯಾಂಡ್‌ರೋವರ್ ಜೊತೆ ಆ ಮನೆಯವರೇ ಕಾದು ನಿಂತಿರುತ್ತಾರೆ. ಪೂರ್ತಿ ತಮ್ಮ ಕೈಯಲ್ಲಿರುವ ವಿಮಾನ ಎಂದರೆ ದ್ವೀಪದವರಿಗೆ ಇದೊಂದೇ.

ಇನ್ನೊಂದು ವಿಷಯವನ್ನು ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ದಾರಿಗಳು ಜನರನ್ನು ಹೊರಗೆ ಕರೆದೊಯ್ದಂತೆ ಒಳಗೂ ತಂದಿವೆ. ಇವತ್ತು ಸ್ಟ್ಯಾನ್ಲಿಯ ಹೋಟೆಲು, ಅಂಗಡಿ, ಕಟ್ಟಡದ ಕೆಲಸಗಳಲ್ಲಿ ಸೇಂಟ್ ಹೆಲೆನಾದವರು, ಚಿಲಿಯವರು, ಫಿಲಿಪ್ಪೀನ್ಸ್‌ನವರು ಇದ್ದಾರೆ. ಯುದ್ಧದ ನೆಲಬಾಂಬ್ ತೆಗೆಯಲು ಬಂದು, 2020ರಲ್ಲಿ ಕೆಲಸ ಮುಗಿದ ಮೇಲೂ ಅಲ್ಲೇ ಉಳಿದ ಜಿಂಬಾಬ್ವೆಯವರಿದ್ದಾರೆ. ಹಲವು ವರ್ಷ ನೆಲೆಸಿ, ಅರ್ಜಿ ಹಾಕಿ, ದ್ವೀಪವಾಸಿ ಎಂಬ ಸ್ಥಾನಮಾನ ಸಿಕ್ಕ ಮೇಲೆಯೇ ಇವರಿಗೆ ಮತ. ಶನಿವಾರದ ವಿಮಾನದಲ್ಲಿ ಬಂದು ಇಳಿದ ಇವರೂ ನಾಳೆ ಆ ‘ಜನ’ದಲ್ಲಿ ಸೇರುತ್ತಾರೆಯೇ, ಸೇರಿದರೆ ಎಷ್ಟು ಬೇಗ? ಮುಂದಿನ ಜನಮತಗಣನೆ ಬಂದಾಗ ಈ ಪ್ರಶ್ನೆಯನ್ನು ಅರ್ಜೆಂಟೀನಾ ಖಂಡಿತ ಎತ್ತುತ್ತದೆ. ಅದಕ್ಕೂ ಮೊದಲು ಸ್ಟ್ಯಾನ್ಲಿಯ ಎಂಟು ಮಂದಿ ಚುನಾಯಿತ ಶಾಸಕರು ಇದನ್ನು ತಮ್ಮಲ್ಲೇ ಕೂತು ಬಗೆಹರಿಸಿಕೊಳ್ಳಬೇಕು.